ಹದಿನಾಲ್ಕನೇ ಟಾವರ್

ನವಲಗುಡ್ಡದ ಸಮುದಾಯ ಭವನದಲ್ಲಿ ಅರವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಅರವತ್ತು ಜನಕ್ಕೆ ಚಹಾ ಕಾಯಿಸಿ, ಗೋಡೆಗೆ ಆರಡಿ ಉದ್ದದ ನಕ್ಷೆ ತೂಗುಹಾಕಿ ಮೃಣಾಲಿನಿ ಬಾಗಿಲತ್ತ ಕಣ್ಣಿಟ್ಟು ಕೂತಿದ್ದಳು. ಹನ್ನೊಂದಕ್ಕೆ ಸಭೆ. ಹನ್ನೊಂದೂವರೆಯಾದರೂ ಬಂದದ್ದು ಎರಡೇ ಜೀವ: ಪಂಚಾಯ್ತಿಯ ವಾಟರ್‌ಮನ್ ಮಲಂಗಸಾಬ, ಮತ್ತೆ ಅವನ ಬೆನ್ನಿಗೇ ಬಂದು ಮೊದಲ ಸಾಲಿನ ಕುರ್ಚಿಯ ಕೆಳಗೆ ಮಲಗಿದ ಒಂದು ಕಂದು ನಾಯಿ.

ಮೃಣಾಲಿನಿ ಹಾವೇರಿಯವಳು, ಅಂಚೆ ಕಚೇರಿಯಿಂದ ನಿವೃತ್ತರಾದ ಕೃಷ್ಣಾಜಿಯವರ ಮಗಳು. ಇಪ್ಪತ್ತಾರರ ವಯಸ್ಸು. ನವಲಗುಡ್ಡದ ನೆತ್ತಿಯ ಮೇಲೆ ಮೂವತ್ತೆರಡು ಗಾಳಿಯಂತ್ರ ನಿಲ್ಲಿಸಿದ ಕಂಪನಿಯಲ್ಲಿ ಎಂಟು ತಿಂಗಳಿಂದ ಕೆಲಸಕ್ಕಿದ್ದಳು. ಊರವರು ಅವಕ್ಕೆ 'ಫ್ಯಾನು' ಅನ್ನುತ್ತಿದ್ದರು. ಫ್ಯಾನುಗಳೇನೋ ನಿಂತಿದ್ದವು, ಅವುಗಳ ಕರೆಂಟನ್ನು ರಾಣೆಬೆನ್ನೂರಿನ ಕಡೆಯ ಗ್ರಿಡ್ ಸ್ಟೇಷನ್ನಿಗೆ ಒಯ್ಯಲು ಇಪ್ಪತ್ತೆರಡು ಕಿಲೋಮೀಟರ್ ಲೈನು ಎಳೆಯಬೇಕಿತ್ತು. ಲೈನು ಹಾಯುವ ಪ್ರತಿ ಊರಲ್ಲೂ ಜನರನ್ನು ಕೂಡಿಸಿ, ನಕ್ಷೆ ತೋರಿಸಿ, ಅವರು ಏನೆನ್ನುತ್ತಾರೋ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ನವಲಗುಡ್ಡದ್ದು ಅವಳ ಮೊದಲ ಸಭೆ.

"ಏನಾಗ್ಯದ ಮಲಂಗಸಾಬ್? ನೋಟಿಸ್ ಹಚ್ಚಿದ್ರಿಲ್ಲೋ?"

"ಹಚ್ಚೇನ್ರಿ ಅಕ್ಕಾರ. ಮೂರ ಕಡೆ ಹಚ್ಚೇನಿ. ಆದ್ರ ಇವತ್ತ ಗುರುವಾರ ಐತ್ರಿ."

"ಹೌದು. ಗುರುವಾರ ಚಲೋ ದಿನ ಅಂತ ನಮ್ಮಮ್ಮನ ಹೇಳಿದ್ಳು."

"ಚಲೋ ದಿನಾನ ಐತ್ರಿ. ಅದಕ್ಕ ಇಡೀ ಊರು ಮೆಣಸಿನಕಾಯಿ ಹೇರ್ಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೋಗೇತಿ. ಈ ಸುಗ್ಗ್ಯಾಗ ಸೋಮವಾರ, ಗುರುವಾರ ಊರಾಗ ನಾನು, ಈ ನಾಯಿ, ಇಬ್ಬರ ಇರತೇವಿ ನೋಡ್ರಿ."

ಮೃಣಾಲಿನಿ ಹಣೆ ಚಚ್ಚಿಕೊಂಡಳು. ಹಾವೇರಿಯಲ್ಲಿ ಹುಟ್ಟಿ ಬೆಳೆದವಳು, ಬ್ಯಾಡಗಿಯ ವಾರ ಯಾವುದೆಂಬುದೇ ಹೊಳೆದಿರಲಿಲ್ಲ. ಮನೆಗೆ ಮೆಣಸಿನಕಾಯಿ ಬರುತ್ತಿದ್ದದ್ದು ಅಂಗಡಿಯಿಂದ, ಪೊಟ್ಟಣದಲ್ಲಿ.

ಅವಳ ಮೇಲಿನ ಎಂಜಿನಿಯರ್ ಆನಂದತೀರ್ಥನಿಗೆ ಫೋನ್ ಮಾಡಿದಳು. ಅವನು ತಣ್ಣಗೆ ಹೇಳಿದ: "ನೋಟಿಸ್ ಕೊಟ್ಟೇವಿ, ಸಭಾ ಕರದೇವಿ. ಯಾರೂ ಬರಲಿಲ್ಲ ಅಂದ್ರ ಯಾರಿಗೂ ತಕರಾರಿಲ್ಲ ಅಂತ ಅರ್ಥ. 'ಆಕ್ಷೇಪಣೆ ಇಲ್ಲ' ಅಂತ ಬರದು, ಒಂದು ಸಹಿ ತೊಗೊಂಡು ಬಾ. ಮುಂದಿನ ಊರು ಮೇಡ್ಲೇರಿ ಸಭಾದ ಕಾಗದ ಇನ್ನೂ ತಯಾರಾಗಬೇಕು."

ಅವಳು ಫಾರಂ ತೆಗೆದು 'ಆ' ಎಂದು ಬರೆದಳು. ಪೆನ್ನು ಅಲ್ಲಿಗೇ ನಿಂತಿತು. ಬರೆದರೆ ಸುಳ್ಳೇನಲ್ಲ, ಹಾಗಂತ ಖರೇನೂ ಅಲ್ಲ. ಹತ್ತು ದಿನ ಕನ್ನಡಿಯೆದುರು ನಿಂತು ಭಾಷಣ ಕಲಿತದ್ದು ನಾಯಿಯ ಸಹಿ ಒಯ್ಯಲಿಕ್ಕೇನು ಅನ್ನಿಸಿ ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು.

"ಬ್ಯಾಡಗಿ ಇಲ್ಲಿಂದ ಎಷ್ಟು ದೂರ?"

"ನನ್ನ ಗಾಡೀ ಮ್ಯಾಲೆ ಅರ್ಧಾ ತಾಸು."

"ನಡೀರಿ ಮತ್ತ. ಚಹಾನೂ ಒಯ್ಯೋಣು, ಹಾಳಾಗೂದು ಬ್ಯಾಡ."

ಮಲಂಗಸಾಬನ ಮೊಪೆಡ್ಡು ಬ್ಯಾಡಗಿ ಮುಟ್ಟುವ ಹೊತ್ತಿಗೆ ನಕ್ಷೆಯ ಸುರುಳಿ ಅವಳ ಬಗಲಲ್ಲಿ, ಚಹಾದ ದೊಡ್ಡ ಥರ್ಮಾಸು ತೊಡೆಯ ಮೇಲೆ, ಕೂದಲೆಲ್ಲ ಗಾಳಿಯ ಪಾಲು. ಮಾರ್ಕೆಟ್ಟಿನ ಗೇಟು ಇನ್ನೂ ನೂರು ಮಾರು ಇರುವಾಗಲೇ ಮೊದಲ ಸೀನು ಬಂತು. ಒಳಗೆ ಹೋದರೆ ಕಣ್ಣು ಹಾಯುವಷ್ಟೂ ಕೆಂಪು. ಚೀಲದ ಮೇಲೆ ಚೀಲ, ಬಾಯಿಬಿಚ್ಚಿದ ಚೀಲ, ಸುರಿದ ರಾಶಿ. ಬೆಳಗ್ಗೆಯೇ ದಲಾಲಿ ಅಂಗಡಿಗಳ ಮುಂದೆ ಮಾಲು ಇಳಿಸಿದ ರೈತರು, ವ್ಯಾಪಾರಸ್ಥರ ಟೆಂಡರಿನ ರೇಟು ಹೊರಬೀಳುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ಚೀಲಗಳಿಗೊರಗಿ ಕೂತಿದ್ದರು. ಸಭೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಹುಡುಕಿದರೂ ಸಿಗುತ್ತಿರಲಿಲ್ಲ.

ನವಲಗುಡ್ಡದವರು ನಲವತ್ತು ಜನ ಒಂದೇ ಕಡೆ ಸಿಕ್ಕರು. ಮೃಣಾಲಿನಿ ಕಲಿತದ್ದನ್ನು ಶುರುಮಾಡಿದಳು: "ಮಾನ್ಯರೇ, ಪ್ರಸ್ತಾವಿತ ವಿದ್ಯುತ್ ಪ್ರಸರಣ ಮಾರ್ಗದ..." ಅಲ್ಲಿಗೆ ಸೀನು. "ಮಾರ್ಗದ ಕುರಿತು..." ಮತ್ತೆ ಎರಡು. ಕಣ್ಣಲ್ಲಿ ನೀರು ಸುರಿಯತೊಡಗಿತು.

ಚೀಲದ ಮೇಲೆ ಕೂತಿದ್ದ ಅರವತ್ತರ ಹೆಂಗಸೊಬ್ಬಳು ಎದ್ದು ಬಂದು, ತನ್ನ ಹೆಗಲ ಮೇಲಿನ ಟವೆಲ್ಲನ್ನು ಅವಳ ಮೂಗಿಗೆ ಅಡ್ಡಲಾಗಿ ಕಟ್ಟಿ ಹಿಂದೆ ಗಂಟು ಹಾಕಿದಳು. "ಈಗ ಮಾತಾಡವಾ. ಆ ಪುಸ್ತಕದ ಮಾತ ಬಿಟ್ಟು ಸಾದಾ ಮಾತಾಡು. ನಿಮ್ಮ ಫ್ಯಾನಿನ ತಂತಿ ಎಲ್ಲಿಂದ ಎಲ್ಲಿಗೆ ಹೊಂಟೈತಿ?"

ಅವಳು ಗದಿಗೆವ್ವ. ಗಂಡ ತೀರಿದ ಮೇಲೆ ಐದೆಕರೆ ಹೊಲವನ್ನು ತಾನೇ ನಿಂತು ಮಾಡಿಸುವವಳು.

ನಕ್ಷೆ ಬಿಚ್ಚಿದರೆ ಯಾರಿಗೂ ಏನೂ ತಿಳಿಯಲಿಲ್ಲ. ಎಲ್ಲ ನೀಲಿ ಗೆರೆ, ಇಂಗ್ಲಿಷ್ ಅಂಕಿ. ಕಡೆಗೆ ಮೃಣಾಲಿನಿ ನೆಲದ ಮೇಲೆ ಕೂತುಬಿಟ್ಟಳು. ಚೀಲ ಹೊಲಿಯುವ ಸುತಳಿಯನ್ನು ಉದ್ದಕ್ಕೆ ಹಾಸಿ, "ಇದು ಲೈನು" ಅಂದಳು. ಟಾವರ್ ಬರುವ ಕಡೆಗೆಲ್ಲ ಒಂದೊಂದು ಮೆಣಸಿನಕಾಯಿ ಇಟ್ಟಳು. ಚಹಾದ ಲೋಟ ಕೆರೆಯಾಯಿತು, ಮಲಂಗಸಾಬನ ಚಪ್ಪಲಿ ಶಾಲೆಯಾಯಿತು. ಆಗ ನೋಡಬೇಕಿತ್ತು, ಜನ ಮುಗಿಬಿದ್ದರು. "ಇದ ನಮ್ಮ ಬಾವಿ!" "ಏ, ಹಿಂದಕ್ಕ ಸರಿಸು, ಹಳ್ಳ ಇನ್ನೂ ಬಾಜೂಕ ಐತಿ!"

ಮೊದಲ ಪ್ರಶ್ನೆ ಶಂಭುಲಿಂಗನದು. ಐವತ್ತೈದರ ಆಳು, ಬಿಳಿ ಟೊಪ್ಪಿಗೆ, ಗಡಸು ದನಿ. "ಗಾಳಿ ನಮ್ಮೂರಿಂದು. ತಂತಿ ನಮ್ಮ ಹೊಲದ ಮ್ಯಾಲೆ. ಕರೆಂಟ್ ಹಗಲ ಹೊತ್ತ ನಮ್ಮ ಪಂಪಿಗೆ ಬರತೈತೋ ಇಲ್ಲೋ?"

ಇದಕ್ಕೆ ಹೇಗೆ ಜಾರಿಕೊಳ್ಳಬೇಕೆಂದು ಕಂಪನಿ ಒಂದು ಕಾಗದದಲ್ಲಿ ಬರೆದುಕೊಟ್ಟಿತ್ತು. ಮೃಣಾಲಿನಿಗೆ ಅದನ್ನು ಓದಲು ಮನಸ್ಸಾಗಲಿಲ್ಲ.

"ನೇರ ಬರೂದಿಲ್ರಿ. ಕೆರಿಗೆ ಹತ್ತು ಹಳ್ಳದ ನೀರು ಕೂಡ್ತದ. ಆಮ್ಯಾಲೆ ಯಾವ ತೂಬಿನಾಗ ಯಾವ ಹಳ್ಳದ ನೀರು ಹೋತು ಅಂತ ಹೇಳ್ಲಿಕ್ಕೆ ಬರ್ತದೇನು? ಗ್ರಿಡ್ ಅಂದ್ರ ಹಂಗ. ನಿಮ್ಮ ಪಂಪಿಗೆ ಹಗಲ ಕರೆಂಟ್ ಕೊಡೋದು ನನ್ನ ಕೈಯಾಗಿಲ್ಲ. ಆದ್ರ ನೀವು ಕೇಳೀರಿ ಅಂತ ಇದರಾಗ ಬರೀತೇನಿ."

ಗುಂಪು ಗೊಣಗಿತು. ಒಬ್ಬಿಬ್ಬರು ಎದ್ದೂ ಹೋದರು. "ಸುಳ್ಳರ ಹೇಳಲಿಲ್ಲ ಬಿಡು," ಅಂದು ಉಳಿದವರು ಇನ್ನೊಂದು ಲೋಟ ಚಹಾ ಕೇಳಿದರು.

ಗದಿಗೆವ್ವ ಮಾತ್ರ ಸುತಳಿಯನ್ನೇ ನೋಡುತ್ತಿದ್ದಳು. ಬೆರಳಿಟ್ಟು ಕೇಳಿದಳು: "ಈ ಕಾಯಿ ಎಲ್ಲಿ ಬಂತು ಇದು?"

ಮೃಣಾಲಿನಿ ನಕ್ಷೆ ನೋಡಿದಳು. "ಹದಿನಾಲ್ಕನೇ ಟಾವರ್ರಿ. ಇಲ್ಲೆ 'ಖಾಲಿ ಜಾಗ' ಅಂತ ಅದ."

ಗದಿಗೆವ್ವ ನಕ್ಕಳು. ಅವಳ ಹಿಂದೆಯೇ ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. "ಖಾಲಿ ಜಾಗ! ಅಲ್ಲವಾ, ನೀ ಈಗ ಒರಗಿ ಕುಂತೀಯಲ್ಲ, ಆ ಚೀಲದಾಗಿನ ಕಾಯಿ ಒಣಗಿದ್ದ ಆ ಖಾಲಿ ಜಾಗದಾಗ. ಅದು ನಮ್ಮ ಕಣ. ಹದಿನಾರು ಮನಿ ಮಂದಿ ಅಲ್ಲೇ ಕಾಯಿ ಹರವತೀವಿ. ಈ ಫೋಟೋ ಯಾವಾಗ ಹೊಡದಾರ?"

ಫೋಟೋ ಡ್ರೋನಿನಿಂದ ಹೊಡೆದದ್ದು. ಮೂಲೆಯಲ್ಲಿ ತಾರೀಖಿತ್ತು: ಜುಲೈ. ಜುಲೈನಲ್ಲಿ ಕಣದಲ್ಲಿ ಹುಲ್ಲು ಬಿಟ್ಟರೆ ಏನಿರುತ್ತದೆ? ಜನವರಿಯಲ್ಲಿ ಹೊಡೆದಿದ್ದರೆ ಅದು ನಕ್ಷೆಯಲ್ಲೇ ಕೆಂಪಗೆ ಉರಿಯುತ್ತಿತ್ತು. 'ಆಕ್ಷೇಪಣೆ ಇಲ್ಲ' ಎಂದು ಬರೆದುಬಿಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದು ಮೃಣಾಲಿನಿಯ ಕಿವಿ ಬಿಸಿಯಾದವು.

"ಮತ್ತ ಎಲ್ಲಿಗೆ ಸರಸಬೇಕು, ನೀವ ಹೇಳ್ರಿ."

"ಆಕಿ ಹೊಲದ ಒಳಗ ಇಟಗೊಳ್ಳಲಿ ಅನ್ರಿ," ಅಂದ ಶಂಭುಲಿಂಗ, ಮೃಣಾಲಿನಿಯ ಕಡೆ ನೋಡಿ.

"ಅವಂಗ ಹೇಳವಾ, ಅವನ ಹೊಲಾನೂ ಆ ಬಾಜೂನ ಐತಿ ಅಂತ," ಅಂದಳು ಗದಿಗೆವ್ವ, ಅವಳೂ ಮೃಣಾಲಿನಿಯ ಕಡೆಗೇ ನೋಡಿ.

ಇಬ್ಬರೂ ಕೂತದ್ದು ನಾಲ್ಕಡಿ ಅಂತರದಲ್ಲಿ. ಮೃಣಾಲಿನಿ ಕಕ್ಕಾಬಿಕ್ಕಿಯಾಗಿ ಮಲಂಗಸಾಬನನ್ನು ನೋಡಿದಳು. ಅವನು ಅವಳ ಕಿವಿಯಲ್ಲಿ ಉಸುರಿದ: ಇವನು ಗದಿಗೆವ್ವನ ಗಂಡನ ಚಿಕ್ಕಪ್ಪನ ಮಗ, ಅವಳು ಇವನಿಗೆ ವೈನಿ, ಅಂದರೆ ಅತ್ತಿಗೆ. ಏಳು ವರ್ಷದ ಹಿಂದೆ ದೊಡ್ಡ ಮಳೆಗೆ ಇಬ್ಬರ ಹೊಲದ ನಡುವಿನ ಗಡಿಕಲ್ಲು ಕೊಚ್ಚಿಹೋಯಿತು. ಕಲ್ಲು ಇಲ್ಲಿತ್ತು ಅಂತ ಇವಳು, ಅಲ್ಲಿತ್ತು ಅಂತ ಅವನು. ಹದಿನೆಂಟು ಅಡಿ ಅಗಲದ ಪಟ್ಟಿಯನ್ನು ಇಬ್ಬರೂ ಉಳುವುದಿಲ್ಲ, ಇನ್ನೊಬ್ಬರಿಗೂ ಬಿಡುವುದಿಲ್ಲ. ಅಂದಿನಿಂದ ಮಾತಿಲ್ಲ.

ಇಷ್ಟು ಹೇಳಿ ಸುಮ್ಮನಿದ್ದರೆ ಮಲಂಗಸಾಬನಾಗುತ್ತಿರಲಿಲ್ಲ. ದನಿ ಎತ್ತಿ ಎಲ್ಲರಿಗೂ ಕೇಳುವಂತೆ ಅಂದ: "ಖಾಲಿ ಜಾಗ ಅಂದ್ರ ಆ ಜಾಲಿ ಬೆಳದ ಪಟ್ಟಿನ ನೋಡ್ರಿ. ಟಾವರ್ ಅಲ್ಲೇ ನಿಂದರಬೇಕು."

ಗದಿಗೆವ್ವ ಸೆರಗು ಸರಿಪಡಿಸಿಕೊಂಡಳು. ಶಂಭುಲಿಂಗ ಟೊಪ್ಪಿಗೆ ತೆಗೆದು ಝಾಡಿಸಿದ. ಅಷ್ಟರಲ್ಲಿ ಯಾರೋ "ರೇಟು ಬಂತು!" ಎಂದು ಕೂಗಿದರು. ಕೂತವರೆಲ್ಲ ದಡಬಡಿಸಿ ಎದ್ದು ಹೋದರು. ಸುತಳಿಯನ್ನು ಯಾರದೋ ಕಾಲು ಎಳೆದುಕೊಂಡು ಹೋಯಿತು. ಟವೆಲ್ ಬಿಚ್ಚುತ್ತ ಮೃಣಾಲಿನಿ, ಕೆಲಸ ಕೆಟ್ಟಿತು ಅಂದುಕೊಂಡಳು.

ಶನಿವಾರ ಬೆಳಗ್ಗೆ ಗದಿಗೆವ್ವನ ಫೋನು ಬಂತು. "ನಾಳೆ ಬಾ. ನಿಮ್ಮ ಸಾಹೇಬನ್ನೂ ಕರ್ಕೊಂಡು ಬಾ. ನಕ್ಷಾ ಸಾಕು, ಕಾಲಿಲೆ ನಡದು ನೋಡ್ರಿ."

ಆನಂದತೀರ್ಥ ರವಿವಾರ ಹಾಳಾಯಿತೆಂದು ದಾರಿಯುದ್ದಕ್ಕೂ ಗೊಣಗಿದ. ಆದರೆ ಕಣದ ಅಂಚಿಗೆ ಬಂದು ನಿಂತವನೇ ಬಾಯಿ ಮುಚ್ಚಿದ. ಅರ್ಧ ಎಕರೆಯಷ್ಟು ಜಾಗದಲ್ಲಿ ಒಣಮೆಣಸಿನಕಾಯಿ ಹರವಿತ್ತು. ಬಿಸಿಲಿಗೆ ಅದರ ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು. ಹೆಂಗಸರು ಬಾಗಿ ಕಾಯಿ ಮಗುಚುತ್ತಿದ್ದರು. ತನ್ನ ನಕ್ಷೆಯಲ್ಲಿ ಹದಿನಾಲ್ಕನೇ ಚುಕ್ಕೆ ಬಿದ್ದದ್ದು ಸರಿಯಾಗಿ ಅದರ ನಡುವೆ ಎಂದು ಅವನಿಗೇ ಕಂಡಿತು.

"ಜುಲೈದಾಗ ಸರ್ವೆ ಮಾಡಿಸಿದ್ದು ನಾನ," ಅಂದ ಮೆಲ್ಲಗೆ, ಮೃಣಾಲಿನಿಗೊಬ್ಬಳಿಗೇ ಕೇಳುವಂತೆ.

ಜಾಲಿಯ ಪಟ್ಟಿಯ ಈ ಬದಿಗೆ ಗದಿಗೆವ್ವ ನಿಂತಿದ್ದಳು, ಆ ಬದಿಗೆ ಶಂಭುಲಿಂಗ. ಯಾರು ಯಾರನ್ನು ಕರೆದರೋ, ಇಬ್ಬರೂ ಹೇಳಲಿಲ್ಲ. ಆನಂದತೀರ್ಥ ಕಣ್ಣಳತೆ ಹಾಕಿದ. ಲೈನು ಇಲ್ಲಿ ಸ್ವಲ್ಪ ತಿರುವು ತೊಗೊಳ್ಳಬೇಕು, ಟಾವರ್ ಇನ್ನಷ್ಟು ಗಟ್ಟಿಯದು ಬೇಕು, ಖರ್ಚು ಬೀಳುತ್ತದೆ, ಆದರೆ ಆಗದ್ದೇನಲ್ಲ. ಬುಡಕ್ಕೆ ಹದಿನೈದಡಿ ಚೌಕ ಸಾಕು.

"ಯಾರ ಹೆಸರಿಲೆ ಬರೀತೀರಿ?" ಶಂಭುಲಿಂಗ ಕೇಳಿದ.

"ಫಾರಂದಾಗ ಒಂದ ಹೆಸರಿಗೆ ಜಾಗಾ ಅದ," ಅಂದ ಆನಂದತೀರ್ಥ.

"ಹಂಗಿದ್ರ ಆಗೂದಿಲ್ಲ," ಅಂದರು ಇಬ್ಬರೂ. ಏಳು ವರ್ಷದಲ್ಲಿ ಅವರಿಬ್ಬರದು ಒಂದೇ ಮಾತಾದದ್ದು ಅದೇ ಮೊದಲು.

ಮೃಣಾಲಿನಿ ಫಾರಂ ಕಿತ್ತುಕೊಂಡು, ಆ ಒಂದು ಗೆರೆಯ ಮೇಲೆ ಸಣ್ಣಗೆ ಎರಡೂ ಹೆಸರು ಬರೆದಳು. "ಟಾವರಿಗೆ ನಾಕು ಕಾಲು. ಎರಡು ಆ ಕಡೆ, ಎರಡು ಈ ಕಡೆ. ಮ್ಯಾಲಿನವರು ಬ್ಯಾಡ ಅಂದ್ರ ನಾ ಹೋಗಿ ಮಾತಾಡ್ತೇನಿ. ಈಗ ಮದಲ ಅಳೀಬೇಕು. ಟೇಪ್ ಯಾರು ಹಿಡೀತೀರಿ?"

ಮಲಂಗಸಾಬ ಮುಂದೆ ಬರುತ್ತಿದ್ದ. ಮೃಣಾಲಿನಿ ಕಣ್ಣಲ್ಲೇ ಅವನನ್ನು ತಡೆದಳು. ಅವನು ಅರ್ಥಮಾಡಿಕೊಂಡು ಬೀಡಿ ಹುಡುಕುವವನಂತೆ ಕಿಸೆ ತಡಕಾಡಿದ. ಹಿಡಿಯಲು ಹತ್ತಿರ ಬೇರೆ ಯಾರೂ ಇರಲಿಲ್ಲ. ಒಂದು ತುದಿ ಗದಿಗೆವ್ವನ ಕೈಗೆ ಹೋಯಿತು, ಇನ್ನೊಂದು ಶಂಭುಲಿಂಗನ ಕೈಗೆ. ಜಾಲಿಯ ಮುಳ್ಳಿನ ಮೇಲೆ ಟೇಪು ಜೋಲು ಬಿದ್ದಿತು. ಆನಂದತೀರ್ಥ ಓದಲಾಗದೆ ಕಣ್ಣು ಕಿರಿದು ಮಾಡಿದ.

ಶಂಭುಲಿಂಗ ಒಂದು ಗಳಿಗೆ ಗುಡ್ಡದ ಕಡೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಅಂದ: "ವೈನಿ, ಸ್ವಲ್ಪ ಬಿಗಿ ಹಿಡೀರಿ."

ಗದಿಗೆವ್ವ ಟೇಪನ್ನು ಎರಡೂ ಕೈಯಿಂದ ಎಳೆದು ಹಿಡಿದಳು. "ಹಿಡದೇನಿ. ಮುಳ್ಳ ಐತಿ, ಕಾಲ ನೋಡ್ಕೊ," ಅಂದಳು.

ಮೃಣಾಲಿನಿ ಅಳತೆ ಬರೆದುಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿದಳು.

ಮೇಲಿನವರು ಸಲೀಸಾಗಿ ಒಪ್ಪಲಿಲ್ಲ. ಹೆಚ್ಚಿನ ಖರ್ಚು ಯಾಕೆಂದು ಕೇಳಿದರು. ಮೃಣಾಲಿನಿ ಎರಡು ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದಳು, ಜುಲೈದು ಒಂದು, ಜನವರಿದು ಒಂದು. 'ಸರ್ವೆಯ ತಪ್ಪು ನನ್ನದು' ಎಂದು ಆನಂದತೀರ್ಥ ಕೆಳಗೆ ತಾನೇ ಬರೆದು ಸಹಿ ಹಾಕಿದ. ಎರಡು ತಿಂಗಳಾದ ಮೇಲೆ ಒಪ್ಪಿಗೆ ಬಂತು. ಪಂಪಿಗೆ ಹಗಲ ಕರೆಂಟಿನ ಮಾತಿಗೆ ಮಾತ್ರ ಯಾವ ಉತ್ತರವೂ ಬರಲಿಲ್ಲ. ಶಂಭುಲಿಂಗ ಅದನ್ನು ಪ್ರತಿ ಸಲವೂ ಕೇಳುತ್ತಾನೆ, ಅವಳು ಪ್ರತಿ ಸಲವೂ ಬರೆದು ಕಳಿಸುತ್ತಾಳೆ.

ಏಪ್ರಿಲ್ಲಿನಲ್ಲಿ ಜಾಲಿ ಕಡಿದು ಬುನಾದಿ ತೋಡುವ ದಿನ ಅವಳು ಸಹಿಗೆಂದು ಬಂದಳು. ಗದಿಗೆವ್ವ, ಶಂಭುಲಿಂಗ ಇಬ್ಬರೂ ಬೇವಿನ ನೆರಳಲ್ಲಿ ಎದುರುಬದುರು ಕೂತಿದ್ದರು. ಅವನ ಮಗಳ ಮದುವೆಗೆ ಇವಳನ್ನು ಕರೆಯದಿದ್ದದ್ದು, ಇವಳ ಎಮ್ಮೆ ಸತ್ತಾಗ ಅವನು ಬರದಿದ್ದದ್ದು, ಯಾರ ಬಾವಿಗೆ ಯಾವ ವರ್ಷ ಎಷ್ಟು ನೀರು ಬಂತು, ಮಾತು ಬಿಟ್ಟ ಏಳು ವರ್ಷದ್ದನ್ನೆಲ್ಲ ಒಂದೂ ಬಿಡದೆ ತೆಗೆದಿದ್ದರು. ದನಿ ಏರುತ್ತಿತ್ತು, ಇಳಿಯುತ್ತಿತ್ತು, ನಡುನಡುವೆ ನಗುವೂ ಕೇಳುತ್ತಿತ್ತು.

ಮೃಣಾಲಿನಿ ಕಾಗದ ಮುಂದೆ ಚಾಚಿ, "ಇಲ್ಲೊಂದು ಸಹಿ ಮಾಡ್ರಿ," ಅಂದಳು.

"ತಡಿಯವಾ," ಅಂದಳು ಗದಿಗೆವ್ವ, ಅವಳ ಕಡೆ ತಿರುಗದೆ. "ಅಲ್ಲೆ ಕುಂದರು. ನಾವಿನ್ನಾ ಮೂರನೇ ವರ್ಷದಾಗ ಅದೀವಿ."