ನಿಂಬೆಯ ಬುಡದ ಕೆಸರು

ನೀರು ಹೆಚ್ಚಾಗೈತೆ ಕಣಮ್ಮ, ಕಡಿಮೆ ಅಲ್ಲ, ಎನ್ನುತ್ತಿದ್ದಾರೆ ತೋಟಗಾರಿಕೆ ಇಲಾಖೆಯ ಗಾದ್ರಪ್ಪನವರು, ನಿಂಬೆ ಸಸಿಯ ಬುಡದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡುತ್ತಾ, ಬೆರಳ ಸಂದಿಯಿಂದ ಕೆಸರು ಇಳಿಯುತ್ತಿದೆ — ಹೆಚ್ಚಂತೆ, ಹನಿ ನೀರಾವರಿಯಲ್ಲಿ ನೀರು ಹೆಚ್ಚಂತೆ, ಜಗಳೂರಿನ ಈ ಬಿಸಿಲಲ್ಲಿ — ಆದರೂ ಬೇರು ಬೆಳ್ಳಗೈತೆ, ಕೊಳೆತಿಲ್ಲ, ಒಂದು ವಾರ ನೀರು ನಿಲ್ಸ್ರಿ, ಚಿಗುರ್ತಾವೆ ಅಂದರಲ್ಲ, ಚಿಗುರುತ್ತವೆ, ಹದಿನೆಂಟು ಸಸಿಗಳೂ ಚಿಗುರುತ್ತವೆ, ಬದುವಿನ ಮೇಲೆ ಕೂತುಬಿಟ್ಟೆ, ನಾಳೆ ಅಮಾವಾಸ್ಯೆ, ಅಷ್ಟರೊಳಗೆ ಹಸಿರಾಗದಿದ್ದರೆ ಎಲ್ಲ ಕಿತ್ತೊಗೆದು ಜೋಳ ಬಿತ್ತುತ್ತೇನೆ ಅಂದಿದ್ದರು ನಮ್ಮ ಮನೆಯವರು, ಏನೇ ಬೊಮ್ಮಕ್ಕ, ನಿನ್ನ ಗಿಡ್ಡ ನಿಂಬೆಗೆ ಕಾಮಾಲೆ ಬಂದೈತೆ ಅಂತ ಉಣ್ಣುವಾಗೆಲ್ಲ ಅದೇ ಮಾತು, ನಾನು ತಾನೇ ಹನಿ ನೀರಾವರಿಯೇ ಬೇಕು ಅಂತ ಹಟ ಮಾಡಿದವಳು, ಚಿತ್ರದುರ್ಗದಲ್ಲಿ ಮೂರು ದಿನ ತರಬೇತಿಗೆ ಹೋಗಿ ಕಲಿತು ಬಂದವಳು, ಕರಿ ಪೈಪಿನ ಸುರುಳಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಕಂಡಕ್ಟರು, ಅಕ್ಕಾ, ಈ ಹೆಬ್ಬಾವಿಗೂ ಒಂದು ಟಿಕೀಟು ತಗಳ್ರಿ — ನಕ್ಕಿದ್ದೆ ಅವತ್ತು, ಆಮೇಲೆ ಎಲೆ ಹಳದಿಯಾಗುತ್ತಾ ಬಂದಂತೆ ನಗು ಎಲ್ಲಿ ಹೋಯಿತೋ, ಬೆಳಿಗ್ಗೆ ಎದ್ದು ಎಲೆ ಮುಟ್ಟಿ ನೋಡುವುದು, ಒಂದು ತಾಸು ನಲ್ಲಿ ಬಿಡುವುದು, ಡ್ರಮ್ಮಿನಿಂದ ಪೈಪಿಗೆ, ಪೈಪಿನ ತೂತಿನಿಂದ ಹನಿ, ಹನಿ ದುಂಡಗಾಗಿ, ನಡುಗಿ, ಬೀಳುವುದು — ಅಷ್ಟಕ್ಕೆ ಕೆಸರಾಗುವುದು ಹೇಗೆ, ಬ್ಯಾರೆ ಯಾರಾದ್ರೂ ನೀರು ಹಾಕ್ತಾರೇನ್ರಿ, ಕೇಳುತ್ತಿದ್ದಾರೆ ಗಾದ್ರಪ್ಪನವರು, ಯಾರೂ ಇಲ್ಲ ಸಾರ್ ಎನ್ನುತ್ತೇನೆ, ಪಕ್ಕದಲ್ಲಿ ನಿಂತ ನನ್ನ ಅತ್ತೆ ದುರುಗಕ್ಕ ಮಾತ್ರ ನೆಲ ನೋಡುತ್ತಾರೆ, ಮೂರೂರಿಗೆ ಕೇಳುವಂತೆ ಮಾತಾಡುವ ಅತ್ತೆ, ಕೈಯಲ್ಲಿ ಬಕೀಟು, ಸೀರೆಯ ಅಂಚು ಮೊಣಕಾಲತನಕ ಒದ್ದೆ — ಈಗ ತಿಳಿಯಿತು, ನಾನು ಹಾಲು ಹಾಕಲು ಡೈರಿಗೆ ಹೋದ ಹೊತ್ತಿನಲ್ಲಿ, ಗಿಡಕ್ಕೊಂದು ಬಕೀಟು, ಹದಿನೆಂಟು ಬಕೀಟು, ಬಾವಿಯಿಂದ, ಆ ಮೊಣಕಾಲಿಟ್ಟುಕೊಂಡು, ಸಂಜೆ ಎಣ್ಣೆ ತಿಕ್ಕುತ್ತಾ ಯಾಕತ್ತೆ ಇಷ್ಟು ಬಾವು ಅಂದರೆ, ವಯಸ್ಸಾತು ಬಿಡೇ ಅನ್ನುತ್ತಿದ್ದರಲ್ಲ, ಮೊದಲ ದಿನವೇ ಹನಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಳೇ ಕೂಸಿಗೆ ತುಟಿ ಒದ್ದೆ ಮಾಡಿ ಉಂಡಾತು ಏಳು ಅಂದಂಗಾತು ಅಂದಿದ್ದರು, ದಾರಿಹೋಕರು ಬಂದರೂ ಮೊದಲು ಚೊಂಬು ನೀರು ಕೊಟ್ಟೇ ಮಾತಾಡಿಸುವವರು, ಆ ಕರುಣೆಗೇ ಸಸಿಗಳು ಉಸಿರುಕಟ್ಟಿ ಹಳದಿಯಾಗಿವೆ, ಬೈಯಬೇಕು, ಬೈಗುಳ ಬಾಯಿಗೆ ಬರುತ್ತಿಲ್ಲ, ನಗು ಬರುತ್ತಿದೆ, ಬದುಕಿವೆ, ಮನೆಯವರಿಗೆ ಹೇಳಬೇಕು, ಪೈಪಿನ ತಪ್ಪಲ್ಲ, ನಿಮ್ಮವ್ವನ ಕೈ ದೊಡ್ಡದು ಅಂತ — ಬೇಡ, ಗಾದ್ರಪ್ಪನವರು ನೋಡಿದರು, ಚಿಗುರುತ್ತವಂತೆ ಅಂದರೆ ಸಾಕು, ಅವರವ್ವ ಯಾಕೆ ಬೈಸಿಕೊಳ್ಳಬೇಕು, ಗಾದ್ರಪ್ಪನವರು ಕೈ ತೊಳೆದು ಸೈಕಲ್ ಹತ್ತಿದ ಮೇಲೆ ಅತ್ತೆ ನನ್ನ ಮುಖ ನೋಡದೆ, ಬಾಯಿಲ್ಲದ ಜೀವ, ನೀರಡಿಕೆ ಅಂತ ಹೆಂಗೆ ಕೇಳ್ತಾವೆ ಅಂದರು, ಕೇಳಲ್ಲ ಅತ್ತೆ, ಒಂದು ವಾರ ಸುಮ್ನೆ ಬಿಡ್ರಿ, ಒಂದೀಟೂ ಹಾಕಬಾರದೇನೇ, ಒಂದೀಟೂ ಬ್ಯಾಡ — ಡ್ರಮ್ಮಿನ ನಲ್ಲಿ ಬಂದ್ ಮಾಡಿದೆ, ಅತ್ತೆ ಬಕೀಟು ಬೋರಲು ಹಾಕಿ ಸಸಿಯ ಪಕ್ಕ ಅದರ ಮೇಲೆ ಕೂತರು, ಪೈಪಿನ ತೂತಿನಲ್ಲಿ ಹನಿ, ದುಂಡಗಾದ ಹನಿ, ನಡುಗುತ್ತಿದೆ, ಇಬ್ಬರೂ ನೋಡುತ್ತಿದ್ದೇವೆ, ಇನ್ನೂ ಬಿದ್ದಿಲ್ಲ