ಗುಹೆಯ ಮೇಲಿನ ಮನೆ

ಸಯನ್‌ನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಶಿವಕುಮಾರಿಗೆ ಮುಂಬಯಿ ಎಂದರೆ ಬಹುತೇಕ ಲೋಕಲ್ ಗಾಡಿಯ ಸ್ಟೇಷನ್ನುಗಳೇ. ಮದುವೆಯಾಗಿ ವಿಜಯಪುರದಿಂದ ಬಂದಾಗಿನಿಂದ ಆ ಹೆಸರುಗಳು ಕಿವಿಗೆ ಬೀಳುತ್ತಲೇ ಇದ್ದವು. ಈ ಜೋಗೇಶ್ವರಿ ಯಾರು, ಬಾಂದ್ರಾದ ತುದಿಯಲ್ಲಿ ಏನಿದೆ ಎಂದು ಇಳಿದು ನೋಡಲು ಪುರಸೊತ್ತು ಸಿಕ್ಕಿರಲಿಲ್ಲ. ನಲವತ್ತು ದಾಟಿದ ಮೇಲೆ ಸ್ಕೂಟರ್ ಕಲಿತಳು. ಚಳಿಗಾಲದ ಒಂದು ರವಿವಾರ, ಹಳೆಯ ಕೋಟೆ ಗುಹೆಗಳನ್ನು ನೋಡುತ್ತ ಬೋರಿವಲಿಯ ಮಂಡಪೇಶ್ವರ ಗುಹೆಯ ತನಕ ಹೋಗುವುದೆಂದು ಒಬ್ಬಳೇ ಹೊರಟಳು. ಗಂಡ ಅನಿಲಕುಮಾರ ತಾನೂ ಬರುತ್ತೇನೆಂದ. ನೀವು ಬಂದರೆ ಹೋದಲ್ಲೆಲ್ಲ ‘ನಡಿ ನಡಿ’ ಅನ್ನುತ್ತೀರಿ ಎಂದು ಅವಳು ಒಪ್ಪಲಿಲ್ಲ.

ಮೊದಲು ಸಯನ್ ಕೋಟೆ. ವರ್ಷಗಟ್ಟಲೆ ಅದರ ಬುಡದಲ್ಲೇ ಓಡಾಡಿದ್ದರೂ ಮೇಲೆ ಹತ್ತಿದ್ದು ಅದೇ ಮೊದಲು. ವಾಕಿಂಗಿಗೆ ಬಂದಿದ್ದ ಮುದುಕರೊಬ್ಬರು, ಸಯನ್ನಿನ ಮೂಲ ಹೆಸರು ಶೀವ, ಶೀವ ಎಂದರೆ ಗಡಿ, ಇಂಗ್ಲಿಷರ ಮುಂಬಯಿ ಇಲ್ಲಿಗೆ ಮುಗಿದು ಆಚೆ ಪೋರ್ತುಗೀಜರ ನೆಲ ಶುರುವಾಗುತ್ತಿತ್ತು ಎಂದು ಮರಾಠಿಯಲ್ಲಿ ಹೇಳಿದರು. ನಮ್ಮ ಸೀಮೆಯೇ ಇವರ ಶೀವ ಇರಬೇಕು ಎನಿಸಿ ಅವಳಿಗೆ ಖುಷಿಯಾಯಿತು. ಬಾಂದ್ರಾ ಕೋಟೆಯ ಬಾಗಿಲಲ್ಲಿ ಕೆತ್ತಿದ್ದ ಪೋರ್ತುಗೀಜ ಅಕ್ಷರಗಳನ್ನು ಕೂಡಿಸಿ ಓದಲು ನೋಡಿ ಸೋತಳು. ಬಿಸಿಲೇರುವ ಹೊತ್ತಿಗೆ ಜೋಗೇಶ್ವರಿ ಮುಟ್ಟಿದಳು.

ಇಕ್ಕಟ್ಟಾದ ಓಣಿಗಳ ನಡುವೆ ಮೆಟ್ಟಿಲಿಳಿದರೆ ಬಂಡೆಯೊಳಗೆ ದೊಡ್ಡ ಕತ್ತಲೆ ಹಜಾರ, ಸಾಲು ಕಂಬಗಳು, ನಡುವೆ ದೇವಿಯ ಗುಡಿ. ಕೈಮುಗಿದು ಮುಂದೆ ಹೋದಾಗ ಮೂಲೆಯ ಬಾಗಿಲ ಪಕ್ಕದಲ್ಲಿ ಸವೆದ ದ್ವಾರಪಾಲಕನೊಬ್ಬ ಕಂಡ. ಚಾವಣಿಯ ಬಿರುಕಿನಿಂದ ಅವನ ಕೆನ್ನೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮೂಗು ಕರಗಿಹೋಗಿತ್ತು, ಕೆನ್ನೆಗೆ ಪಾಚಿ ಹತ್ತಿತ್ತು.

ಮಳೆ ನಿಂತು ಎಷ್ಟೋ ದಿನವಾಗಿದೆ, ಈ ನೀರು ಎಲ್ಲಿಯದು ಎಂದು ಅಲ್ಲಿದ್ದ ಕಾವಲುಗಾರನನ್ನು ಕೇಳಿದಳು. ಮೇಲೆ ಮನೆಗಳಿವೆ, ಯಾರನ್ನು ಕೇಳಿದರೂ ನಮ್ಮದಲ್ಲ ಅನ್ನುತ್ತಾರೆ ಎಂದು ಆತ ಕೈಚೆಲ್ಲಿದ. ಶಿವಕುಮಾರಿಗೆ ಅದನ್ನು ಹಾಗೇ ಬಿಟ್ಟು ಮುಂದಿನ ಊರಿನ ದಾರಿ ಹಿಡಿಯಲಾಗಲಿಲ್ಲ. ಹೊರಗೆ ಬಂದು, ಗುಡ್ಡದ ಪಕ್ಕದ ಓಣಿ ಹತ್ತಿದಳು.

ಮೇಲೆ ತಗಡಿನ ಮನೆಯೊಂದರ ಮುಂದೆ ಹೆಂಗಸೊಬ್ಬಳು ಪಾತ್ರೆ ತಿಕ್ಕುತ್ತ, ಫೋನಿನಲ್ಲಿ ಯಾರನ್ನೋ ಅಚ್ಚ ವಿಜಯಪುರದ ಕನ್ನಡದಲ್ಲಿ ಬೈಯುತ್ತಿದ್ದಳು. ಫೋನ್ ಇಟ್ಟಕೂಡಲೇ ಶಿವಕುಮಾರಿ ಯಾವೂರೆಂದು ಕೇಳಿದಳು. ಹೆಸರು ಚಂದ್ರವ್ವ, ಊರು ಸಿಂದಗಿ ಕಡೆ, ಗಂಡ ಬಿಲ್ಡಿಂಗ್ ಕೆಲಸದವನು, ತಾನು ನಾಲ್ಕು ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತೇನೆ ಎಂದಳು ಅವಳು. ಚಹಾ ಆಯಿತು. ಆಮೇಲೆ ಶಿವಕುಮಾರಿ ಕೆಳಗೆ ಕಂಡದ್ದನ್ನು ಹೇಳಿದಳು.

“ನನ್ನ ನೀರು ಗಟರಕ್ಕ ಹೋಗ್ತೈತ್ರಿ ಬಾಯಾರ,” ಎಂದಳು ಚಂದ್ರವ್ವ. ಬಚ್ಚಲಿನ ತೂತು, ಪೈಪಿನ ಬಾಯಿ ತೋರಿಸಿದಳು. ನೀರು ಒಳಗೆ ಹೋಗುವುದು ಕಾಣುತ್ತಿತ್ತು. ಹೊರಗೆ ಎಲ್ಲಿ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ಬಣ್ಣ ಹಾಕಿ ನೋಡೋಣೇನ್ರಿ?” ಎಂದಳು ಶಿವಕುಮಾರಿ.

ಚಂದ್ರವ್ವನಿಗೆ ನಗು ಬಂತು. ಆದರೂ ಒಳಗೆ ಹೋಗಿ ಅರಿಶಿನದ ಡಬ್ಬಿ ತಂದಳು. ಬಕೆಟ್ ನೀರಿಗೆ ಧಾರಾಳವಾಗಿ ಕಲಸಿ ಬಚ್ಚಲಿಗೆ ಸುರಿದು, ಇಬ್ಬರೂ ಗುಹೆಗೆ ಇಳಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ನವರಾತ್ರಿಗೆ ದೇವಿಗೆ ಉಡಿ ತುಂಬಲು ಬರುತ್ತಿದ್ದ ಚಂದ್ರವ್ವ ಈ ಮೂಲೆಗೆ ಎಂದೂ ಬಂದವಳಲ್ಲ. ಇವನು ಯಾರು, ಯಾರು ಕೆತ್ತಿದರು, ಇಷ್ಟು ಕಲ್ಲನ್ನು ಕಡಿದು ಎಲ್ಲಿಗೆ ಹೊತ್ತರು ಎಂದು ಕೇಳುತ್ತ ಹೋದಳು. ಶಿವಕುಮಾರಿಗೂ ಗೊತ್ತಿರಲಿಲ್ಲ. ಇಬ್ಬರೂ ಮೊಬೈಲಿನ ಬೆಳಕು ಹಿಡಿದು ಅವನ ಕೈ, ಸೊಂಟಪಟ್ಟಿ, ಕಾಲು ಹುಡುಕುತ್ತ ನಿಂತರು. ಆಗ ಚಂದ್ರವ್ವ ಬೆರಳೆತ್ತಿ ಮೇಲೆ ತೋರಿಸಿದಳು. ಬಿರುಕಿನಲ್ಲಿ ಕೂಡಿದ ಹನಿ ತಿಳಿಹಳದಿಯಾಗಿತ್ತು. ಅದು ಕೆನ್ನೆಯ ಮೇಲೆ ಬಿದ್ದು ಗದ್ದಕ್ಕೆ ಇಳಿಯಿತು.

ಊಹೆ ನಿಜವಾಯಿತೆಂದು ಶಿವಕುಮಾರಿ ಚಪ್ಪಾಳೆ ತಟ್ಟಹೊರಟವಳು, ಪಕ್ಕದವಳ ಮುಖ ನೋಡಿ ಕೈ ಇಳಿಸಿದಳು. ಚಂದ್ರವ್ವ ಸೆರಗಿನ ತುದಿಯಿಂದ ಕಲ್ಲಿನ ಕೆನ್ನೆ ಒರೆಸುತ್ತಿದ್ದಳು.

“ಇಷ್ಟ ವರ್ಷ ಇವನ ಮಾರಿ ಮ್ಯಾಲ ಮುಸುರಿ ನೀರ ಚೆಲ್ಲೀನಲ್ರಿ.”

ಮೇಲೆ ಬೇರೆ ಮನೆಗಳೂ ಇವೆ, ನಿಮ್ಮದೊಂದೇ ಅಲ್ಲ ಎಂದು ಶಿವಕುಮಾರಿ ಸಮಾಧಾನ ಹೇಳಿದಳು. ತಾನು ಸುಮ್ಮನೆ ನೋಡಿಕೊಂಡು ಹೋಗಬೇಕಿತ್ತೇನೋ ಎಂದೂ ಅವಳಿಗೆ ಅನಿಸಿತು.

“ಇರಲಿ. ಮೊದಲ ನಂದು ನಿಂದರ್ಲಿ,” ಎಂದು ಚಂದ್ರವ್ವ ಮೆಟ್ಟಿಲು ಹತ್ತಿಯೇಬಿಟ್ಟಳು.

ಬಚ್ಚಲ ಹಾಸುಗಲ್ಲು ಎಬ್ಬಿಸಿ ನೋಡಿದರೆ ಪೈಪು ಬಂಡೆಯ ಸೀಳಿನ ನೇರಕ್ಕೇ ಒಡೆದಿತ್ತು. ಚಂದ್ರವ್ವ ಸ್ಕೂಟರಿನ ಹಿಂದೆ ಕುಳಿತಳು. ಇಬ್ಬರೂ ದೊಡ್ಡ ರಸ್ತೆಯ ಅಂಗಡಿಯಿಂದ ಪೈಪು ತಂದರು. ಗಂಡ ಕೆಲಸದಿಂದ ಬರುವವರೆಗೆ ಕಾಯಲು ಅವಳಿಗೆ ಮನಸ್ಸಿರಲಿಲ್ಲ. ಹಳೆಯದನ್ನು ಕಿತ್ತು, ಹೊಸದನ್ನು ಗೋಡೆಯಗುಂಟ ಓಣಿಯ ಗಟಾರದ ತನಕ ಎಳೆದು ತಂತಿ ಬಿಗಿದರು. ಶಿವಕುಮಾರಿಯ ಚೂಡಿದಾರವೆಲ್ಲ ಕೆಸರಾಯಿತು. ಉಳಿದ ಅರಿಶಿನ ಕಲಸಿ ಸುರಿದಾಗ ಗಟಾರದಲ್ಲಿ ಹಳದಿ ನೀರು ಹರಿಯಿತು. ಓಣಿಯ ಜನ ಏನು ಪೂಜೆ ಇದು ಎಂದು ಸೇರಿದರು. ಚಂದ್ರವ್ವ ಒಬ್ಬೊಬ್ಬರಿಗೂ ಹಿಂದಿಯಲ್ಲಿ, ಮರಾಠಿಯಲ್ಲಿ ನಡೆದದ್ದನ್ನು ವಿವರಿಸಿದಳು.

ಅಷ್ಟರಲ್ಲಿ ಬಿಸಿಲು ಇಳಿದಿತ್ತು. ಎಲ್ಲೆಲ್ಲಿ ಹೋಗಿ ಬಂದೆ ಎಂದು ಅನಿಲಕುಮಾರ ಫೋನ್ ಮಾಡಿದ. ಮಂಡಪೇಶ್ವರ ಇವತ್ತು ಆಗಲಿಲ್ಲ, ಯಾಕೆಂದು ಮನೆಗೆ ಬಂದು ಹೇಳುತ್ತೇನೆ ಎಂದಳು.

ಹೊರಡುವ ಮುಂಚೆ ಶಿವಕುಮಾರಿ ಇನ್ನೊಮ್ಮೆ ಕೆಳಗಿಳಿದು ನೋಡಿದಳು. ಹನಿ ಪೂರ್ತಿ ನಿಂತಿರಲಿಲ್ಲ. ಒಂದು ಬಿದ್ದ ಮೇಲೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಅದು ಬಂದಾಗ ಅದರಲ್ಲಿ ಹಳದಿ ಇರಲಿಲ್ಲ, ಸೋಪಿನ ನೊರೆ ಇತ್ತು. ಇದು ಮತ್ತೆ ಯಾವ ಮನೆಯದು ಎಂದುಕೊಳ್ಳುತ್ತ ಮೇಲೆ ಬಂದಳು. ಚಂದ್ರವ್ವನ ಪಕ್ಕದ ಮನೆಯ ಕಸ್ತೂರಿಬಾಯಿ ಬಾಗಿಲಲ್ಲಿ ಬಕೆಟ್ ಇಟ್ಟುಕೊಂಡು, ಅರಿಶಿನ ಎಷ್ಟು ಹಾಕಬೇಕು ಎಂದು ಕೇಳಲು ಕಾಯುತ್ತಿದ್ದಳು.