ಗೊಣಗಿಗೆ ಕತ್ತಲೆ ಬೇಕಿತ್ತು

ಮೂರು ದಿನದಿಂದ ಗೊಣಗಿ ಎಂಬ ಕೋಳಿ ಕಾಲೆಳೆಯುತ್ತಿತ್ತು. ಇವತ್ತು ಬೆಳಿಗ್ಗೆ ಏಳಲೇ ಇಲ್ಲ. ಬಟ್ಟೆ ಹೊಲಿಯುವಾಕೆ ಹೊಲಿಗೆ ಬಿಟ್ಟು ಎದುರುಮನೆಗೆ ಓಡಿದಳು. ತೀರಿಕೊಂಡ ಅಕ್ಕ ಬಿಟ್ಟುಹೋದ ಕೋಳಿ ಅದು. ಅದು ಪಕ್ಕದಲ್ಲಿ ಕೂತು ಗೊಣಗುತ್ತಿದ್ದರೆ ಅಕ್ಕ ಒಳಗೆಲ್ಲೋ ಇದ್ದಾಳೆ ಅನ್ನಿಸುತ್ತಿತ್ತು. ಇದೂ ಹೋದರೆ ಮನೆಯಲ್ಲಿ ಅಕ್ಕನದು ಅನ್ನುವ ಜೀವವೇ ಇಲ್ಲ.

ಎದುರುಮನೆಯ ಪಶುವೈದ್ಯೆ ಬಂದು ಕೋಳಿಯ ಎದೆಮೂಳೆ ಸವರಿ ನೋಡಿದಳು.

"ಮೊಟ್ಟೆ ಇಡುತ್ತಾ?"

"ದಿನಾ ಇಡುತ್ತೆ! ಅಕ್ಕ ಇದ್ದಾಗ ಚಳಿಗಾಲದಲ್ಲಿ ನಿಲ್ಲಿಸಿಬಿಡ್ತಿತ್ತು. ನನ್ನ ಕೈಗುಣ ನೋಡಿ. ನಿನ್ನೆ ಮಾತ್ರ ಸಿಪ್ಪೆ ಮೆತ್ತಗಿತ್ತು."

"ಅಕ್ಕ ಇದನ್ನ ಎಲ್ಲಿ ಮಲಗಿಸ್ತಿದ್ರು?"

"ಹಿತ್ತಲ ಗೂಡಲ್ಲಿ. ನಂಗೆ ಒಬ್ಬಳಿಗೇ ಬೇಜಾರಾಗುತ್ತೆ ಅಂತ ಮಶೀನಿನ ಕೆಳಗೆ ಬುಟ್ಟಿ ಇಟ್ಕೊಂಡೆ."

ವೈದ್ಯೆ ಮಶೀನಿನ ಮೇಲಿನ ಬಲ್ಬು ತೋರಿಸಿದಳು. "ಕೈಗುಣ ಅಲ್ಲ, ಇದರ ಕೆಲಸ. ನೀವು ಹತ್ತು ಗಂಟೆ ತನಕ ಹೊಲೀತೀರಿ. ಅದಕ್ಕೆ ಇನ್ನೂ ಹಗಲೇ. ಹಗಲು ಉದ್ದ ಆದ್ರೆ ಕೋಳಿ ಮೊಟ್ಟೆ ಇಡ್ತಾನೇ ಇರುತ್ತೆ. ಕೋಳಿ ಕೇಳಿ ಮಸಾಲೆ ಅರೀತಾರಾ ಅಂದಂಗಾಯ್ತು."

"ಮೊಟ್ಟೆ ಇಡೋದು ಅದರ ಹುಟ್ಟುಗುಣ. ಅದರಿಂದ ಕಾಲು ಹೋಗುತ್ತಾ?"

"ಸಿಪ್ಪೆ ಏನು ಗಾಳಿಯಿಂದ ಬರುತ್ತಾ? ಅದಕ್ಕೆ ಸುಣ್ಣದಂಶ ಬೇಕು. ಮೇವಲ್ಲಿ ಸಾಲದಿದ್ರೆ ಮೂಳೆಯಿಂದ ಎಳ್ಕೊಳ್ಳುತ್ತೆ. ವರ್ಷಗಟ್ಟಲೆ ಹಿಂಗಾದ್ರೆ ಮೂಳೆ ಸವೆದು ಮುರಿಯುತ್ತೆ. ಒಂದೊಂದು ಸಲ ಮೊಟ್ಟೆ ಒಳಗೇ ಸಿಕ್ಕಿ ಕೋಳಿ ಸಾಯುತ್ತೆ. ಪುಕ್ಕ ಉದುರೋ ಕಾಲದಲ್ಲಿ ಅದು ಮೊಟ್ಟೆ ನಿಲ್ಲಿಸೋದು ಸೋಮಾರಿತನಕ್ಕಲ್ಲ, ಸುಧಾರಿಸ್ಕೊಳ್ಳೋಕೆ."

ಹೊಲಿಯುವಾಕೆಯ ಕಣ್ಣು ತುಂಬಿತು. "ಬದುಕುತ್ತಾ?"

"ಮೂಳೆ ಮುರಿದಿಲ್ಲ. ಔಷಧಿ ಕೊಡ್ತೀನಿ. ಮೊಟ್ಟೆಕೋಳಿ ಮೇವು ಹಾಕಿ, ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ. ಆದ್ರೆ ಹೊತ್ತು ಮುಳುಗಿದ ಮೇಲೆ ಹಿತ್ತಲ ಗೂಡಿಗೆ ಕಳಿಸ್ಲೇಬೇಕು."

ಅದೇ ಕಷ್ಟವಾದದ್ದು. ಗೊಣಗಿಯನ್ನು ಕತ್ತಲೆಯ ಗೂಡಿಗೆ ಬಿಟ್ಟು ಬಂದ ಸಂಜೆ, ಅವಳಿಗೆ ಅಕ್ಕನನ್ನು ಇನ್ನೊಮ್ಮೆ ಕಳಿಸಿಕೊಟ್ಟಂತಾಯಿತು. ಮಶೀನಿನ ಸದ್ದೊಂದೇ ಉಳಿಯಿತು. ಎರಡು ಸಲ ಬಾಗಿಲ ತನಕ ಹೋಗಿ, ಮನಸ್ಸು ಗಟ್ಟಿ ಮಾಡಿಕೊಂಡು ವಾಪಸು ಬಂದಳು.

ಹತ್ತೇ ದಿನದಲ್ಲಿ ಗೊಣಗಿ ಎದ್ದು ನಿಂತಿತು. ಆಮೇಲೆ ಪುಕ್ಕ ಉದುರಿಸಿತು. ತಿಂಗಳೆರಡಾದರೂ ಒಂದು ಮೊಟ್ಟೆಯಿಲ್ಲ.

"ಮೊಟ್ಟೆ ಇಡದ ಕೋಳಿ ಯಾಕ್ರೀ ಸಾಕ್ತೀರಿ?" ಎಂದಳು ರವಿಕೆ ಅಳತೆ ಕೊಡಲು ಬಂದವಳು.

"ಮೊಟ್ಟೆ ಅಂಗಡೀಲಿ ಸಿಗುತ್ತೆ. ಅಕ್ಕನ ಕೋಳಿ ಯಾವ ಅಂಗಡೀಲಿ ಸಿಗುತ್ತೆ?"

ಕೋಳಿ ಸಾಕಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೋಳಿ ಮಲಗುವ ಜಾಗವನ್ನು ಇವತ್ತೇ ನೋಡಿ. ಅಲ್ಲಿ ದೀಪ ಉರಿಯುತ್ತಿದ್ದರೆ ಆರಿಸಿ. ಸಿಪ್ಪೆ ಮೆತ್ತಗಾದರೆ, ಕಾಲೆಳೆದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಮೊಟ್ಟೆ ನಿಲ್ಲಿಸಿತೆಂದು ಬೈಯಬೇಡಿ. ಇಷ್ಟು ದಿನ ಅದು ನಿಮಗೆ ಕೊಟ್ಟದ್ದು ತನ್ನ ಮೂಳೆಯನ್ನೇ.